ಮೂರು ಸಲ ಹೇಳಿ

ಬ್ಯಾಗಿನೊಳಗಿನ ಟೇಪ್ ರೆಕಾರ್ಡರು ಅಮೃತೇಶನ ತೊಡೆಗೆ ಒತ್ತುತ್ತಿತ್ತು. ಪಕ್ಕದ ಹೆಂಗಸಿನ ಮಡಿಲಲ್ಲಿ ಕಾಲು ಕಟ್ಟಿಸಿಕೊಂಡು ಕೂತಿದ್ದ ಹುಂಜವೊಂದು ಬ್ಯಾಗಿನ ಜಿಪ್ಪನ್ನು ಆಗಾಗ ಕುಕ್ಕಿ, ತಲೆ ಓರೆ ಮಾಡಿ ಅವನನ್ನು ನೋಡುತ್ತಿತ್ತು. ಇದಕ್ಕೂ ಗೊತ್ತಾಗಿದೆ ಅಂದುಕೊಂಡ. ನಂಜನಗೂಡಿನ ಬಸ್ ಸ್ಟ್ಯಾಂಡು ಬಿಟ್ಟಾಗಿನಿಂದ ತಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದ. 'ಮೇಷ್ಟ್ರೇ, ಒಂದು ಅಚಾತುರ್ಯ ಆಗಿಬಿಟ್ಟಿದೆ' ಎಂದು ಶುರುಮಾಡಿದರೆ ಅದು ಸರ್ಕಾರಿ ಪತ್ರದ ಹಾಗೆ ಕೇಳಿಸುತ್ತಿತ್ತು. 'ಮೇಷ್ಟ್ರೇ, ನನ್ನನ್ನು ಕ್ಷಮಿಸಿ' ಎಂದರೆ ನಾಟಕದ ಹಾಗೆ. ನಿನ್ನೆ ಸಂಜೆ ಎದುರುಮನೆಯ ಫೋನಿಗೆ ಬಂದಿದ್ದ ಕರೆ ಮಾತ್ರ ತೀರಾ ಚಿಕ್ಕದು: 'ಊರಿನಿಂದ ಕ್ಯಾಸೆಟ್ ಬಂದಿರುತ್ತದೆ. ತಾವು ನಾಳೆ ಬರತಕ್ಕದ್ದು. ಟೇಪ್ ರೆಕಾರ್ಡರ್ ತರತಕ್ಕದ್ದು.' ಹಬೀಬುಲ್ಲಾ ಮೇಷ್ಟ್ರದು ಪಠ್ಯಪುಸ್ತಕದಿಂದ ಕಲಿತ ಕನ್ನಡ. ಅದರಲ್ಲಿ ಸಿಟ್ಟು ಯಾವುದು, ಪ್ರೀತಿ ಯಾವುದು ಎಂದು ಫೋನಿನಲ್ಲಿ ಹೇಳುವುದಕ್ಕೆ ಆಗುತ್ತಿರಲಿಲ್ಲ.

"ಅದ್ರಲ್ಲಿ ಏನದೆ ಸಾ, ರಾಗಿಯಾ? ಉಂಜ ಬುಡ್ತಾನೇ ಇಲ್ವಲ್ಲ" ಎಂದಳು ಹೆಂಗಸು.

"ಟೇಪ್ ರೆಕಾರ್ಡರು."

"ಅಂಗಾರೆ ಒಂದು ಆಡಿಕ್ಕಿ ಸಾ. ಸುತ್ತೂರು ಬರೋವರ್ಗೂ ಒತ್ತು ಓಯ್ತದೆ."

ಇದರಲ್ಲಿ ಹಾಡಿಲ್ಲ ಎಂದು ಹೇಳಿದ. ಆಮೇಲೆ ಅವಳು ಅವನನ್ನು ಅನುಮಾನದಿಂದ ನೋಡುತ್ತ ಹುಂಜವನ್ನು ತನ್ನತ್ತ ಎಳೆದುಕೊಂಡಳು. ಹಾಡಿಲ್ಲದ ಟೇಪ್ ರೆಕಾರ್ಡರು ಯಾರಿಗೆ ಬೇಕು ಎಂಬ ಪ್ರಶ್ನೆಯನ್ನು ಅವನ ಅಪ್ಪ ಗುರುಮಲ್ಲಪ್ಪನವರೂ ಬಹಳ ಹಿಂದೆಯೇ ಕೇಳಿದ್ದರು. ಅಂಗಡಿಗೆ ಬಂದ ಗಿರಾಕಿಗಳು 'ಮಗ ಏನ್ ಓದ್ತಾವ್ನೆ' ಎಂದರೆ ಅಪ್ಪ ತೂಕದ ಬಟ್ಟುಗಳ ಕಡೆ ನೋಡುತ್ತ 'ಭಾಷೆ' ಎಂದಷ್ಟೇ ಹೇಳುತ್ತಿದ್ದರು. ಯಾವ ಭಾಷೆ ಎಂದು ಮತ್ತೆ ಕೇಳಿದರೆ ಗೊಬ್ಬರದ ಮೂಟೆ ಎಣಿಸಲು ಎದ್ದುಹೋಗುತ್ತಿದ್ದರು. ಅವರಾದರೂ ಏನು ಮಾಡಿಯಾರು. ಶಿಣಾ ಎಂಬ ಭಾಷೆ ಇದೆ, ಕಾಶ್ಮೀರದ ಉತ್ತರದ ತುದಿಗೆ ಗುರೇಜ್ ಎಂಬ ಕಣಿವೆಯಲ್ಲಿ ಅದನ್ನು ಆಡುತ್ತಾರೆ, ಅದನ್ನೂ ಅದರ ನೆರೆಯವನ್ನೂ ಸೇರಿಸಿ ದರ್ದಿ ಭಾಷೆಗಳು ಅನ್ನುತ್ತಾರೆ, ಅವು ನಿಜವಾಗಿ ಒಂದು ತಾಯಿಯ ಮಕ್ಕಳೋ ಅಥವಾ ಒಂದೇ ಬೆಟ್ಟಸಾಲಿನಲ್ಲಿ ಅಕ್ಕಪಕ್ಕ ಮನೆ ಮಾಡಿಕೊಂಡು ಹೋಲಿಕೆ ಬಂದವೋ ಎಂದು ನೂರು ವರ್ಷದಿಂದ ಜಗಳ ನಡೆದಿದೆ ಎಂದೆಲ್ಲ ಯೂರಿಯಾ ಕೊಳ್ಳಲು ಬಂದವನಿಗೆ ಹೇಗೆ ಹೇಳುವುದು. ಅಮೃತೇಶನ ಪಿಎಚ್‌ಡಿ ಗೈಡು ಪ್ರಾಯದಲ್ಲಿ ಇನ್ನೂ ಆಚೆಗೆ, ಅಫ್ಘಾನಿಸ್ತಾನದ ನೂರಿಸ್ತಾನಕ್ಕೆ ಹೋಗಬೇಕೆಂದಿದ್ದರಂತೆ. ಅಲ್ಲಿಯ ಭಾಷೆಗಳು ಸಂಸ್ಕೃತದ ಕಡೆಗೂ ಸೇರದೆ ಪಾರಸಿಯ ಕಡೆಗೂ ಸೇರದೆ ತಾವೇ ಮೂರನೇ ಮನೆ ಹೂಡಿಕೊಂಡಿವೆ ಎಂದು ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತಿತ್ತು. ಯುದ್ಧ ಬಂತು, ಹೋಗಲಾಗಲಿಲ್ಲ. ಮೈಸೂರಿನ ತಮ್ಮ ಕೋಣೆಯ ಗೋಡೆಗೆ ಆ ನಾಡಿನ ನಕ್ಷೆ ಹಚ್ಚಿಕೊಂಡು, ಬೇಸಗೆಯಲ್ಲಿ ಫ್ಯಾನಿನ ಗಾಳಿಗೆ ಅದು ಪಟಪಟ ಬಡಿಯುವುದನ್ನು ಕೇಳುತ್ತ ಕೂರುತ್ತಿದ್ದರು.

ಹಾಗೆ ನೋಡಿದರೆ ಅಮೃತೇಶ ಪುಣ್ಯವಂತ. ಅವನು ಬೆಟ್ಟಕ್ಕೆ ಹೋಗಬೇಕಾಗಲಿಲ್ಲ, ಬೆಟ್ಟವೇ ಪ್ಯಾಸೆಂಜರ್ ರೈಲು ಹತ್ತಿ ನಂಜನಗೂಡಿಗೆ ಬಂತು. ಉತ್ತರದ ಮೇಷ್ಟ್ರುಗಳು ಬಂದು ಹತ್ತು ತಿಂಗಳಿದ್ದು ಕನ್ನಡ ಕಲಿಯುವ ಕೋರ್ಸೊಂದು ಮೈಸೂರಿನಲ್ಲಿತ್ತು. ತೊಂಬತ್ತಾರನೇ ಇಸವಿಯ ಗುಂಪಿನಲ್ಲಿ ಗುರೇಜಿನ ಸ್ಕೂಲ್ ಮೇಷ್ಟ್ರು ಹಬೀಬುಲ್ಲಾ ಇದ್ದಾರೆ ಎಂದು ತಿಳಿದ ದಿನ ಅಮೃತೇಶ ಅವರ ಹಾಸ್ಟೆಲ್ಲಿಗೆ ಓಡಿಹೋಗಿದ್ದ. ಪ್ರತಿ ಭಾನುವಾರ ನಮ್ಮ ಮನೆಗೆ ಬನ್ನಿ, ನೀವು ನನಗೆ ಶಿಣಾ ಕೊಡಿ, ನಾನು ನಿಮಗೆ ಕನ್ನಡ ಕೊಡುತ್ತೇನೆ ಎಂದು ಒಪ್ಪಿಸಿದ್ದ. ಕನ್ನಡ ಕೊಟ್ಟದ್ದು ಮಾತ್ರ ಅವನಲ್ಲ, ಅವನ ಅಮ್ಮ ಸಿದ್ದಲಿಂಗಮ್ಮ. ಮೇಷ್ಟ್ರು ಚಪ್ಪಲಿ ಬಿಡುವಷ್ಟರಲ್ಲಿ "ಬಾ ಅಬೀಬಪ್ಪ, ಚಳಿ ದೇಶದೋನು, ಬಿಸ್ಲಲ್ಲಿ ಬೆಂದೋಗಿದ್ಯ" ಎಂದು ಪಾನಕದ ಲೋಟ ಹಿಡಿದು ನಿಲ್ಲುತ್ತಿದ್ದಳು. ಮೇಷ್ಟ್ರ ಭಾಷೆಯಲ್ಲಿ ಶ, ಷ, ಸ ಮೂರೂ ಬೇರೆಬೇರೆಯಾಗಿಯೇ ಉಳಿದಿದ್ದವು. ಕನ್ನಡದವರು ಪುಸ್ತಕದಲ್ಲಿ ಮಾತ್ರ ಇಟ್ಟುಕೊಂಡ ವ್ಯತ್ಯಾಸವನ್ನು ಅವರು ನಾಲಿಗೆಯಲ್ಲಿ ಇಟ್ಟುಕೊಂಡಿದ್ದರು. ಒಂದು ದಿನ ಅವರು ಕ್ಯಾಲೆಂಡರು ನೋಡಿ 'ಷಡಕ್ಷರಿ' ಎಂದು ಓದಿದಾಗ ಅಮ್ಮ ಕೈಯಲ್ಲಿದ್ದ ಸೌಟು ಬಿಟ್ಟು ಬಂದು, "ಇನ್ನೊಂದ್ಸಲ ಅನ್ನಪ್ಪ" ಎಂದು ಕೇಳಿಸಿಕೊಂಡು, ಅಂದಿನಿಂದ ಅಕ್ಕಪಕ್ಕದವರಿಗೆಲ್ಲ ಮಠದ ಸ್ವಾಮಿಗಳಿಗೂ ಹೀಗೆ ಅನ್ನೋಕೆ ಬರಲ್ಲ ಎಂದು ಹೇಳಿಕೊಂಡು ತಿರುಗಿದ್ದಳು.

ಅಮೃತೇಶನ ಕೆಲಸದ ಕ್ರಮವೇ ಬೇರೆ. ಅವನು ಕನ್ನಡದಲ್ಲೂ ಹಿಂದಿಯಲ್ಲೂ ಒಂದು ವಾಕ್ಯ ಹೇಳುವುದು, ಆಮೇಲೆ ರೆಕಾರ್ಡಿನ ಕೆಂಪು ಗುಂಡಿ ಒತ್ತುವುದು, ಮೇಷ್ಟ್ರು ಅದನ್ನು ಶಿಣಾದಲ್ಲಿ ಮೂರು ಸಲ ಹೇಳುವುದು. ಮೂರು ಸಲ ಯಾಕೆಂದರೆ ಒಂದರಲ್ಲಿ ಕೆಮ್ಮು ಬಂದರೆ ಇನ್ನೊಂದು ಇರಲಿ ಎಂದು. ವಾಕ್ಯಗಳನ್ನು ಅವನೇ ಹೊಸೆದಿದ್ದ. 'ಮನೆ ಉರಿಯಿತು.' 'ಅಣ್ಣ ನನ್ನ ಮೇಕೆಯನ್ನು ಕದ್ದ.' 'ಕುದುರೆ ನದಿಗೆ ಬಿತ್ತು.' 'ನಾನು ಅವಳನ್ನು ಮದುವೆಯಾದೆ.' 'ನಾನು ಅವಳನ್ನು ಮದುವೆಯಾಗುತ್ತೇನೆ.' 'ಹಿಮ ಬೀಳದಿದ್ದರೆ ನಾನು ಅವಳನ್ನು ಆಗಲೇ ಮದುವೆಯಾಗಿರುತ್ತಿದ್ದೆ.' ಆ ವರ್ಷ ಮನೆಯಲ್ಲಿ ಅವನ ಮದುವೆಯ ಮಾತು ಜೋರಾಗಿತ್ತು, ಅದಕ್ಕೇ ಇರಬೇಕು ಪಟ್ಟಿಯ ಒಂದು ಪುಟ ಪೂರ್ತಿ ಮದುವೆಯೇ. ಮೇಷ್ಟ್ರು ಕೈಕಟ್ಟಿ ಕೂತು ಒಂದೊಂದನ್ನೂ ಶಾಲೆಯ ಪ್ರಾರ್ಥನೆಯ ಹಾಗೆ ಮೂರು ಸಲ ಹೇಳುವರು. ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಅಡುಗೆಮನೆಯಿಂದ ಅಮ್ಮ, "ಅಮೃತಾ, ರೊಟ್ಟಿ ಆರೋಯ್ತದೆ ಕಣೋ, ಆ ಮೇಷ್ಟ್ರುನ್ನ ಏಳ್ಸೋ" ಎನ್ನುವಳು. ಅಮೃತೇಶ ತುಟಿಗೆ ಬೆರಳಿಟ್ಟು "ಶ್" ಎನ್ನುವನು. ಒಂದು ಭಾನುವಾರವಂತೂ ಇಯರ್‌ಫೋನು ಕಿತ್ತೆಸೆದು, "ನಿನ್ನಿಂದ ನನ್ನ ಕ್ಯಾಸೆಟ್ಟೆಲ್ಲ ಹಾಳು" ಎಂದು ಕೂಗಿದ್ದ. ಅಮ್ಮ ಒಳಗೆ ಹೋಗಿದ್ದಳು. ಅಂದು ರೊಟ್ಟಿಯನ್ನು ಮೇಷ್ಟ್ರ ತಟ್ಟೆಗೆ ಬಡಿಸಿ, ಅವನ ಪಾಲನ್ನು ಮುಚ್ಚಿಟ್ಟು, ಬಾಗಿಲ ಹತ್ತಿರ ಕೂತಿದ್ದಳು. ಬಸ್ಸಿನ ಕಿಟಕಿಯಿಂದ ಕಬ್ಬಿನ ಗದ್ದೆ ಹಿಂದಕ್ಕೆ ಓಡುತ್ತಿರುವಾಗ ಅವನಿಗೆ ಆ ಮುಚ್ಚಿಟ್ಟ ತಟ್ಟೆ ಯಾಕೆ ನೆನಪಾಯಿತೋ. ಇಷ್ಟೆಲ್ಲ ಮಾಡಿ ಕೊನೆಗೆ ಗೈಡು ಹೇಳಿದ್ದೇನು? ಶಿಣಾದಲ್ಲಿ ಸ್ವರ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ನಿನ್ನ ಕ್ಯಾಸೆಟ್ಟಿನಲ್ಲಿ ಏರೂ ಇಲ್ಲ, ಇಳಿಯೂ ಇಲ್ಲ, ಮನುಷ್ಯ ಮಗ್ಗಿ ಒಪ್ಪಿಸಿದ ಹಾಗಿದೆ, ಮಾತಾಡಿದ್ದು ತಗೊಂಡು ಬಾ.

ಆದರೆ ಈಗ ಅವನನ್ನು ಕಾಡುತ್ತಿದ್ದದ್ದು ಗೈಡಿನ ಮಾತಲ್ಲ. ಅಕ್ಟೋಬರಿನಲ್ಲಿ, ಹಿಮ ಬಿದ್ದು ಕಣಿವೆಯ ದಾರಿ ಮುಚ್ಚುವ ಮೊದಲು, ಮೇಷ್ಟ್ರ ಜತೆಯವರೊಬ್ಬರು ಶ್ರೀನಗರಕ್ಕೆ ರಜೆಗೆ ಹೊರಟಿದ್ದರು. ಅವರ ಕೈಯಲ್ಲಿ ಮನೆಗೊಂದು ಕ್ಯಾಸೆಟ್ ಕಳಿಸೋಣ ಎಂದು ಮೇಷ್ಟ್ರು ಆಸೆಪಟ್ಟರು. ಗುರೇಜಿನಲ್ಲಿ ಹೊರಗಿದ್ದ ಗಂಡಸರು ಹೀಗೆ ದನಿ ಕಳಿಸುವುದು, ಮನೆಯವರೆಲ್ಲ ಒಲೆಯ ಸುತ್ತ ಕೂತು ಕೇಳುವುದು ರೂಢಿಯಂತೆ. ಮೇಷ್ಟ್ರು ಅಮೃತೇಶನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮಾತಾಡಿದ್ದರು. ಹೊರಬಂದಾಗ ಅವರ ಮುಖ ತೊಳೆದಂತಿತ್ತು. ಕ್ಯಾಸೆಟ್ಟನ್ನು ಪೊಟ್ಟಣ ಕಟ್ಟಿ ಕೊಟ್ಟವನು ಅಮೃತೇಶ. ನವೆಂಬರಿನಲ್ಲಿ ಒಂದು ಮಧ್ಯಾಹ್ನ 'ವಾಕ್ಯಗಳು' ಎಂದು ಚೀಟಿ ಅಂಟಿಸಿದ್ದ ಕ್ಯಾಸೆಟ್ ಹಾಕಿದರೆ, ಅದರೊಳಗಿಂದ ಮೇಷ್ಟ್ರು ಗದ್ಗದ ದನಿಯಲ್ಲಿ ತಾಯಿಗೆ ಸಲಾಮು ಹೇಳತೊಡಗಿದ್ದರು. ಅಮೃತೇಶ ಕ್ಯಾಸೆಟ್ಟನ್ನು ಹೊರತೆಗೆದು ಚೀಟಿಯನ್ನು ಮತ್ತೆ ಓದಿದ್ದ. ಹಾಗಾದರೆ ಗುರೇಜಿಗೆ ಹೋದದ್ದು ಮನೆ ಉರಿದದ್ದು, ಮೇಕೆ ಕದ್ದದ್ದು, ಅವಳನ್ನು ಮದುವೆಯಾದದ್ದು. ಅದೂ ಒಂದೊಂದು ಮೂರು ಸಲ.

ಅಷ್ಟು ಹೊತ್ತಿಗೆ ದಾರಿ ಮುಚ್ಚಿತ್ತು. ಬೇಸಗೆಯವರೆಗೆ ಅಲ್ಲಿಗೆ ಕಾಗದವಿಲ್ಲ, ಫೋನಿಲ್ಲ. ಹೇಳಿದರೆ ಮೇಷ್ಟ್ರು ಚಳಿಗಾಲವಿಡೀ ಒದ್ದಾಡುತ್ತಾರೆ, ಹೇಳದಿದ್ದರೆ ನಾನೊಬ್ಬನೇ ಒದ್ದಾಡುತ್ತೇನೆ ಎಂದು ಅವನು ತನಗೆ ತಾನೇ ಒಂದು ದೊಡ್ಡತನ ಆರೋಪಿಸಿಕೊಂಡು ಸುಮ್ಮನಾಗಿದ್ದ. ಆದರೆ ಪ್ರತಿ ಭಾನುವಾರ ಮೇಷ್ಟ್ರು ಬೆಚ್ಚಗಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, "ಈಗ ನನ್ನ ತಾಯಿಯವರು ಪುನಃ ಆಲಿಸುತ್ತಿರಬಹುದು" ಎನ್ನುವಾಗ ಆ ದೊಡ್ಡತನದ ಬಣ್ಣ ಬಿಡುತ್ತಿತ್ತು. ಆಮೇಲೆ ಕೋರ್ಸಿನ ಕೊನೆಯ ತಿಂಗಳು ಒಂದು ಊರಿನ ಶಾಲೆಯಲ್ಲಿ ಕೂತು ಪಾಠ ಕೇಳಬೇಕೆಂದು ಅವರನ್ನು ನರಸೀಪುರಕ್ಕೆ ಹಾಕಿದರು. ಭಾನುವಾರಗಳು ತಪ್ಪಿದವು. ಅಮೃತೇಶ ಒಳಗೊಳಗೇ ಹಗುರಾದ, ಹಗುರಾದದ್ದಕ್ಕೆ ನಾಚಿಕೊಂಡ.

ಹೆಂಗಸು ಸುತ್ತೂರಿನಲ್ಲಿ ಹುಂಜದ ಜತೆ ಇಳಿದುಹೋದಳು. ನರಸೀಪುರದಲ್ಲಿ ಅವನು ಇಳಿದಾಗ ಮಾರ್ಚಿನ ಬಿಸಿಲು ಟಾರಿನ ಮೇಲೆ ಕುಣಿಯುತ್ತಿತ್ತು. ಮೇಷ್ಟ್ರಿಗೆ ಕೋಣೆ ಕೊಟ್ಟಿದ್ದ ಸಣ್ಣತಾಯಮ್ಮನ ಮನೆ ಕೇಳಿಕೊಂಡು ಹೊರಟರೆ, ದಾರಿ ತೋರಿಸಿದ ಸೋಡಾ ಅಂಗಡಿಯವನು ಅವನ ಬ್ಯಾಗು ನೋಡಿ, ಒಳಗಿದ್ದ ಯಾರಿಗೋ, "ಇವ್ರೇ ಕಣ್ಲಾ, ಬಂದವ್ರೆ" ಎಂದ. ಅಮೃತೇಶ ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿ ಬೇಗ ಬೇಗ ಹೆಜ್ಜೆ ಹಾಕಿದ. ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ಜಗುಲಿಯ ಮೇಲೆ ಮಂಕರಿಯಿಂದ ಹುಲ್ಲು ತೆಗೆಯುತ್ತಿದ್ದ ಗಟ್ಟಿಮುಟ್ಟಾದ ಹೆಂಗಸು, ಸಣ್ಣತಾಯಮ್ಮನೇ ಇರಬೇಕು, ಅವನನ್ನು ಕಾಲಿಂದ ತಲೆಯವರೆಗೆ ನೋಡಿದಳು.

"ನೀವೇನಾ ಸಾ, ನಮ್ಮ್ ಮೇಷ್ಟ್ರಿಗೆ ಎಲ್ಡನೇ ಮದ್ವೆ ಮಾಡ್ಸಿದ್ದು?"

ಬಸ್ಸಿನಲ್ಲಿ ಜೋಡಿಸಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. "ಇಲ್ಲ, ನಾನು..." ಎಂದ.

"ಇಲ್ಲ ಅಂದ್ರೆ ಆಯ್ತಾ? ಬೀದಿಗೆಲ್ಲ ಗೊತ್ತದೆ. ನನ್ ಮಗ ಕಾಂತರಾಜು ಟ್ಯಾಕ್ಟರ್‌ನಾಗೆ ಇಸ್ಟೀರಿಯೋ ಮಡುಗವ್ನೆ. ನೆನ್ನೆ ಕ್ಯಾಸೆಟ್ ಬಂತಲ್ಲ, ಅದ್ರಲ್ಲೇ ಆಕ್ಸಿದ್ರು ಮೇಷ್ಟ್ರು. ಆ ಹೆಣ್ಣೆಂಗ್ಸು ಬೈದ ಬೈಗುಳುಕ್ಕೆ ನಮ್ ಹಸ ಅಗ್ಗ ಕಿತ್ಕಂಡೋಯ್ತು. ಬಾಸೆ ಗೊತ್ತಾಗ್ನಿಲ್ಲ, ಆದ್ರೂ ಗಂಡುನ್ನ ಬಯ್ತಾವ್ಳೆ ಅಂತ ನಮ್ಗೆಲ್ಲ ತಿಳೀತು."

ಆಗ ಒಳಗಿನಿಂದ ಹಬೀಬುಲ್ಲಾ ಮೇಷ್ಟ್ರು ಬಂದರು. ಲುಂಗಿ ಉಟ್ಟಿದ್ದರು, ಮೇಲೆ ಸಿದ್ದಲಿಂಗಮ್ಮ ಬದನವಾಳಿನಿಂದ ತರಿಸಿಕೊಟ್ಟಿದ್ದ ಖಾದಿ ಜುಬ್ಬ. ಮುಖ ಗಂಭೀರವಾಗಿತ್ತು. "ಆಸೀನರಾಗಿ" ಎಂದರು. ಅಮೃತೇಶ ಜಗುಲಿಯ ತುದಿಯಲ್ಲಿ ಆಸೀನನಾದ. "ಮೇಷ್ಟ್ರೇ, ಒಂದು ಅಚಾತುರ್ಯ..." ಎಂದು ಶುರುಮಾಡುವಷ್ಟರಲ್ಲಿ ಅವರು ಕೈಯೆತ್ತಿ ತಡೆದು, ಅವನ ಬ್ಯಾಗಿನಿಂದ ಮಷಿನ್ನನ್ನು ತಾವೇ ತೆಗೆದು, ಕ್ಯಾಸೆಟ್ ಹಾಕಿದರು. ಆ ಕ್ಯಾಸೆಟ್ ಬಂದ ದಾರಿಯೂ ಅಂಥದ್ದೇ: ಕಾಯಿಲೆ ಬಿದ್ದ ಯಾರನ್ನೋ ಸಾಗಿಸಲು ಕಣಿವೆಗೆ ಬಂದ ಸೇನೆಯ ಹೆಲಿಕಾಪ್ಟರಿನಲ್ಲಿ ಕೂತು ಶ್ರೀನಗರಕ್ಕೆ, ಅಲ್ಲಿಂದ ಅಂಚೆಯಲ್ಲಿ ಮೈಸೂರಿಗೆ, ಅಲ್ಲಿಂದ ಇಲ್ಲಿಗೆ.

ಮೊದಲು ಸೌದೆ ಸಿಡಿಯುವ ಸದ್ದು. ಯಾರೋ ಕೆಮ್ಮಿದರು, ಮಗುವೊಂದು ನಕ್ಕಿತು. ಆಮೇಲೆ ಒಂದು ಹೆಣ್ಣು ದನಿ ಭರ್ರೆಂದು ಹೊರಟಿತು. ಅಮೃತೇಶ ಮೂರು ವರ್ಷ ಪುಸ್ತಕದಿಂದ ಓದಿ, ಒಂಬತ್ತು ತಿಂಗಳು ಕಿವಿಗೆ ತುಂಬಿಕೊಂಡ ಭಾಷೆ. ಒಂದು ಕ್ರಿಯಾಪದವನ್ನು ಇಪ್ಪತ್ತು ಥರ ಬಿಡಿಸಿ ತೋರಿಸಬಲ್ಲವನಿಗೆ ಆ ದನಿಯ ಮೊದಲ ಉಸಿರಿನಲ್ಲಿ ಒಂದು ಪದ ಸಿಕ್ಕಿದರೆ ಕೇಳಿ. ಆಮೇಲೆ 'ಗೋಟ್' ಎಂಬುದೊಂದು ಸಿಕ್ಕಿತು, ಅಂದರೆ ಮನೆ. ಅದನ್ನು ಹಿಡಿದುಕೊಂಡು ನೀರಿನಲ್ಲಿ ಬಿದ್ದವನ ಹಾಗೆ ಮೇಷ್ಟ್ರ ಕಡೆ ನೋಡಿದ.

"ನನ್ನ ಧರ್ಮಪತ್ನಿ" ಎಂದರು ಮೇಷ್ಟ್ರು. "ಮನೆ ಉರಿಯಿತು ಎಂದು ನಾನು ಹೇಳಿದೆನಲ್ಲ. ಎಲ್ಲರೂ ಹಿಮದಲ್ಲಿ ಬರಿಗಾಲಿನಲ್ಲಿ ಹೊರಗೆ ಓಡಿ ಮನೆಯನ್ನು ವೀಕ್ಷಿಸಿದರಂತೆ. ಮನೆ ಇತ್ತು. ಪುನಃ ಒಳಗೆ ಬಂದರು. ಪುನಃ ನಾನು ಉರಿಯಿತು ಎಂದೆ. ಪುನಃ ಓಡಿದರು."

"ಮೂರು ಸಲ" ಎಂದ ಅಮೃತೇಶ.

"ಮೂರು ಸಲ ಕಣಪ್ಪ." 'ಕಣಪ್ಪ' ಸಿದ್ದಲಿಂಗಮ್ಮನ ಪಾಠ. ಮೇಷ್ಟ್ರ ಮೀಸೆಯ ತುದಿ ಅಲ್ಲಾಡಿತು. ಅದು ಸಿಟ್ಟಿಗೆ ಅಲ್ಲಾಡಿದ್ದಲ್ಲ ಎಂದು ಅಮೃತೇಶನಿಗೆ ಆಗ ಮೊದಲ ಸಲ ಅನುಮಾನ ಬಂತು.

ಮುಂದೆ ಒಂದು ಗಂಡಸಿನ ದನಿ, ತಗ್ಗಿದ್ದು, ತಡವರಿಸುವಂಥದ್ದು. ಮೇಷ್ಟ್ರು ಟೇಪನ್ನು ಅಲ್ಲಿಗೆ ನಿಲ್ಲಿಸಿದರು. "ಇವರು ನನ್ನ ಅಗ್ರಜರು. ಏನು ಹೇಳುತ್ತಿದ್ದಾರೆ ಗೊತ್ತೇ? ಆ ಮೇಕೆಯ ವಿಷಯ ನಿನಗೆ ಹೇಗೆ ತಿಳಿಯಿತು, ತಿಳಿದ ಮೇಲೆ ಮೈಸೂರಿಗೆ ಹೋಗಿ ಯಾಕೆ ಹೇಳಿದೆ, ಎದುರಿಗೇ ಕೇಳಬಹುದಿತ್ತು. ಅದರ ಬದಲು ಎರಡು ಮೇಕೆ ಕೊಡುತ್ತೇನೆ." ಅವರು ಸಣ್ಣತಾಯಮ್ಮನ ಕಡೆ ತಿರುಗಿದರು. "ಅಮ್ಮಾ, ಎಷ್ಟೋ ವರ್ಷದ ಹಿಂದೆ ಆ ಮೇಕೆ ಬೆಟ್ಟದಲ್ಲಿ ಕಾಣೆಯಾಯಿತು. ತೋಳ ತಿಂದಿತು ಎಂದು ನಾನು ಅತ್ತಿದ್ದೆ."

"ತ್ವಾಳ ಅಲ್ಲ, ಅಣ್ಣ" ಎಂದಳು ಸಣ್ಣತಾಯಮ್ಮ. "ಇಲ್ಲೂ ಅಂಗೇಯ."

ಮದುವೆಯ ಪುಟಕ್ಕೆ ಬಂದಾಗ ಧರ್ಮಪತ್ನಿ ಮತ್ತೆ ಮಷಿನ್ನನ್ನು ಕಿತ್ತುಕೊಂಡಿದ್ದರು. ಯಾವಳು ಅವಳು? ಯಾವಳು ಅವಳು? ಯಾವಳು ಅವಳು? ಗಂಡ ಮೂರು ಸಲ ಹೇಳಿದ್ದಕ್ಕೆ ಹೆಂಡತಿಯೂ ಮೂರು ಸಲ ಕೇಳಿದ್ದರು, ಆದರೆ ಒಂದು ಇನ್ನೊಂದರ ಹಾಗಿರಲಿಲ್ಲ. ಮೊದಲನೆಯದು ಮೇಲಕ್ಕೆ ಚಿಮ್ಮಿತು, ಎರಡನೆಯದು ಅರ್ಧದಲ್ಲಿ ಮುರಿಯಿತು, ಮೂರನೆಯದು ಬೆಟ್ಟದ ತುದಿಯಿಂದ ಕಲ್ಲು ಉರುಳಿದ ಹಾಗೆ ಕೆಳಗೆ ಬಂತು. ಅಮೃತೇಶ ಮಷಿನ್ನಿನ ಕಡೆ ಬಗ್ಗಿದ. ಇದೇ, ಇದೇ ಏರು, ಇದೇ ಇಳಿ. ಇಂಥ ಹೊತ್ತಿನಲ್ಲೂ ತನ್ನ ಮನಸ್ಸು ಮೇಷ್ಟ್ರ ಸಂಸಾರವನ್ನು ಬಿಟ್ಟು ಸ್ವರದ ಹಿಂದೆ ಹೋಯಿತಲ್ಲ ಎಂದು ತಲೆತಗ್ಗಿಸಿದ. ತಗ್ಗಿಸಿದ ತಲೆಯೊಳಗೂ ಅದು ಏರಿ ಇಳಿಯುತ್ತಲೇ ಇತ್ತು.

ಆಮೇಲೆ ಕ್ಯಾಸೆಟ್ಟಿನಲ್ಲಿ ಗಲಾಟೆ ನಿಂತಿತು. ಒಂದು ಮುದಿ ದನಿ, ಹಲ್ಲಿಲ್ಲದ ಬಾಯಿಯದು, ಆತುರವಿಲ್ಲದ್ದು. ಮೇಷ್ಟ್ರು ಗೋಡೆಗೊರಗಿದ್ದವರು ನೆಟ್ಟಗೆ ಕೂತರು. ಈ ಸಲ ಅವರು ಮಷಿನ್ನನ್ನು ನಿಲ್ಲಿಸಲಿಲ್ಲ. ದನಿಯ ಹಿಂದೆಯೇ ಮೆಲ್ಲಗೆ ಕನ್ನಡ ಹೇಳುತ್ತ ಹೋದರು, ಪಠ್ಯಪುಸ್ತಕ ಎಲ್ಲೋ ಕಳಚಿಬಿತ್ತು.

"ನಮ್ಮಮ್ಮ. ಸುಮ್ನಿರಿ ಎಲ್ಲಾರೂ ಅಂತಾಳೆ. ಹಿಂದಕ್ಕೆ ತಿರುಗ್ಸಿ ಹಾಕಿ ಅಂತಾಳೆ. ನೀವು ಮಗನ ಮಾತು ಕೇಳ್ತಾ ಇದೀರ, ಮಗನ ಹಿಂದೆ ಏನಿದೆ ಕೇಳಿ ಅಂತಾಳೆ. ಅಲ್ಲಿ ಇನ್ನೊಂದು ತಾಯಿ ಇದಾಳೆ. ಅವಳು ಏನೋ ಕೂಗ್ತಾಳೆ. ಭಾಷೆ ಗೊತ್ತಿಲ್ಲ, ಆದ್ರೆ ರೊಟ್ಟಿ ಆರೋಗ್ತದೆ ಅಂತ ಕೂಗೋದು ನನಗೆ ಗೊತ್ತಾಗಲ್ವಾ? ನಾನು ಹೀಗೇ ಕೂಗಿ ಕೂಗಿ ಮುದುಕಿ ಆದೆ. ಊಟಕ್ಕೆ ಕರೆಯೋರು ಇರೋ ಮನೇಲಿ ಮಗನಿಗೆ ಏನಾಗ್ತದೆ? ಮನೆ ಉರಿದಿಲ್ಲ, ಮದುವೆ ಆಗಿಲ್ಲ. ಯಾರೋ ಮಾತು ಹೇಳ್ಸಿಕೊಳ್ತಾ ಇದಾರೆ, ಇವನು ಹೇಳ್ತಾ ಇದಾನೆ. ಮಕ್ಕಳಾಟ."

ಸಣ್ಣತಾಯಮ್ಮ ಹುಲ್ಲು ಬಿಟ್ಟು ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ಅಮೃತೇಶ ಕಣ್ಣೆತ್ತಲಿಲ್ಲ. ಅವನ ಕ್ಯಾಸೆಟ್ಟೆಲ್ಲ ಹಾಳು ಮಾಡಿದ ಅಮ್ಮನ ದನಿ. ಅದನ್ನು ಅಳಿಸುವುದಕ್ಕೆ ಅವನು ಎಷ್ಟು ಸಂಜೆ ಗುಂಡಿ ತಿರುಗಿಸುತ್ತ ಕೂತಿದ್ದ, ಅದು ಅಳಿಯದೆ ಹೋದದ್ದಕ್ಕೆ ಎಷ್ಟು ಶಪಿಸಿದ್ದ.

"ಇನ್ನೂ ಇದೆ" ಎಂದರು ಮೇಷ್ಟ್ರು. ಪಠ್ಯಪುಸ್ತಕ ವಾಪಸ್ಸು ಬಂದಿತ್ತು. "ತಾಯಿಯವರು ಒಂದು ಆಜ್ಞೆ ಮಾಡಿರುತ್ತಾರೆ. ಆ ತಾಯಿ ಕೂಗಿದಾಗ ಒಬ್ಬ ಹುಡುಗ ಅವಳಿಗೆ ಶ್ ಎನ್ನುತ್ತಾನೆ. ಅವನು ಯಾರೇ ಆಗಿರಲಿ, ಅವನ ಕಿವಿಯನ್ನು ಹಿಂಡತಕ್ಕದ್ದು. ಇದಕ್ಕಾಗಿಯೇ ತಮ್ಮನ್ನು ಬರಮಾಡಿಕೊಂಡೆ."

ಅಮೃತೇಶ ಅವರನ್ನು ನೋಡಿದ. ಮೀಸೆ ಈಗ ಪೂರ್ತಿ ಅಲ್ಲಾಡುತ್ತಿತ್ತು.

"ಎಡದ್ದೋ ಬಲದ್ದೋ, ಏನಾದ್ರೂ ಹೇಳವ್ರಾ?" ಎಂದು ಸಣ್ಣತಾಯಮ್ಮ ಹತ್ತಿರ ಸರಿದಳು.

"ಸ್ಪಷ್ಟಪಡಿಸಿಲ್ಲ."

"ಅಂಗಾರೆ ಎಲ್ಡೂ ಇಂಡಿ."

ಮೇಷ್ಟ್ರು ಎರಡನ್ನೂ ಹಿಂಡಿದರು. ಮೊದಲು ಶಾಸ್ತ್ರಕ್ಕೆ, ಆಮೇಲೆ ಸ್ವಲ್ಪ ನಿಜವಾಗಿಯೇ. ಆ ನಿಜವಾದ ನೋವಿಗೆ ಅಮೃತೇಶನಿಗೆ ಎಷ್ಟು ಹಾಯೆನಿಸಿತೆಂದರೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನವೆಂಬರಿನಿಂದ ಎದೆಯಲ್ಲಿ ಇಟ್ಟುಕೊಂಡು ತಿರುಗಿದ್ದ ಅಚಾತುರ್ಯ, ಕ್ಷಮಿಸಿ, ಇತ್ಯಾದಿಗಳೆಲ್ಲ ಹೇಳಿಸಿಕೊಳ್ಳದೆಯೇ ಮುಗಿದುಹೋದವು. ಟ್ರ್ಯಾಕ್ಟರಿನ ಕೆಳಗಿಂದ ಕಾಂತರಾಜು ಸ್ಪ್ಯಾನರು ಹಿಡಿದು ಎದ್ದುಬಂದು, "ಏನಾಯ್ತವ್ವ?" ಎಂದರೆ ಸಣ್ಣತಾಯಮ್ಮ, "ಕಾಸ್ಮೀರದ ಅಜ್ಜಿ ಕಿವಿ ಇಂಡ್ತಾವ್ಳೆ, ನೋಡ್ಲಾ" ಎಂದಳು.

ಮಜ್ಜಿಗೆ ಕುಡಿಯುವಾಗ, ನಿಮ್ಮ ಮನೆಯವರಿಗೆ ಎರಡನೇ ಅವಳ ವಿಷಯ ಹೇಗೆ ಬಗೆಹರಿಯಿತು ಎಂದು ಅಮೃತೇಶ ಅಳುಕುತ್ತ ಕೇಳಿದ. ಬಗೆಹರಿದಿಲ್ಲ ಎಂದರು ಮೇಷ್ಟ್ರು, ಖುಷಿಯಿಂದ. ಅತ್ತೆ ಹೇಳಿದ್ದಕ್ಕೆ ಒಪ್ಪಿದ್ದಾಳೆ, ಆದರೂ ಊರಿಗೆ ಹೋದ ಮೇಲೆ ಮೊದಲು ಬರತಕ್ಕ ಪ್ರಶ್ನೆ ಅದೇ. "ಮೂರು ಸಲ ಬರತಕ್ಕದ್ದು." ಹೊರಡುವಾಗ ಕ್ಯಾಸೆಟ್ಟನ್ನು ಅವರೇ ಅವನ ಕೈಗಿಟ್ಟರು. ನಕಲು ಮಾಡಿಕೋ, ನಿನ್ನ ಗೈಡಿಗೆ ಕೊಡು, ಆದರೆ ಮೊದಲು ನಿನ್ನ ಅಮ್ಮಾಜಿಗೆ ಕೇಳಿಸು ಎಂದರು. ಅಕ್ಟೋಬರಿನ ಸಲಾಮಿನ ಕ್ಯಾಸೆಟ್ಟನ್ನೂ ತಂದುಕೊಡು, ಈ ಸಲ ಪೊಟ್ಟಣ ನಾನೇ ಕಟ್ಟುತ್ತೇನೆ ಎಂದೂ ಹೇಳಿದರು.

ಸಂಜೆ ಮನೆ ಸೇರಿದಾಗ ಸಿದ್ದಲಿಂಗಮ್ಮ ಹಜಾರದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಅವನ ಕೈಯಲ್ಲಿ ಮಷಿನ್ನು ಕಂಡವಳೇ ಬಾಯಿ ಮುಚ್ಚಿಕೊಂಡು, ಮೊರ ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟಳು. ಆ ಭಾನುವಾರದಿಂದ ಅದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು, ಅವನು ಗಮನಿಸಿರಲಿಲ್ಲ. "ಕೂತ್ಕೊಳಮ್ಮ" ಎಂದ. "ಮೇಷ್ಟ್ರ ತಾಯಿ ನಿನಗೇನೋ ಹೇಳಿದಾರೆ."

"ನನಗಾ? ನನ್ನ ಅವ್ರೆಲ್ಲಿ ಕಂಡವ್ರೆ?"

ಅವನು ಮುದುಕಿಯ ಮಾತಿನ ಜಾಗಕ್ಕೆ ತಿರುಗಿಸಿ ಹಾಕಿದ. ಸೌದೆ ಸಿಡಿಯಿತು. ಆ ಹಲ್ಲಿಲ್ಲದ ದನಿ ನಂಜನಗೂಡಿನ ಹಜಾರದೊಳಗೆ, ದೇವರ ಗೂಡಿನ ಕೆಳಗೆ, ಹುರುಳಿಕಾಯಿಯ ನಾರುಗಳ ನಡುವೆ ಶುರುವಾಯಿತು. "ಅವರೇನಂತಿದಾರೆ ಅಂದ್ರೆ..." ಎಂದು ಅಮೃತೇಶ ಬಾಯಿ ತೆರೆದ.

"ಶ್" ಎಂದಳು ಸಿದ್ದಲಿಂಗಮ್ಮ, ತುಟಿಗೆ ಬೆರಳಿಟ್ಟು. "ಕೇಳಿಸ್ಕೊಳಕ್ಕೆ ಬಿಡೋ."

ಅವನು ಅವಳ ಪಕ್ಕದಲ್ಲಿ ಕೂತ. ಅವಳು ಕೊನೆಯವರೆಗೆ ಕೇಳಿದಳು, ಮಧ್ಯೆ ಮಧ್ಯೆ ಹೂಂಗುಟ್ಟಿದಳು, ಒಂದು ಕಡೆ ನಕ್ಕಳು. ಅದು ಸರಿಯಾಗಿ ಕಿವಿ ಹಿಂಡುವ ಮಾತು ಬರುವ ಜಾಗವೇ. ದನಿ ನಿಂತು ಬರೀ ಸುಯ್ಯೆನ್ನುವ ಸದ್ದು ಉಳಿದಾಗ ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಷಿನ್ನಿನ ಹತ್ತಿರ ಬಗ್ಗಿದಳು. ಅಮೃತೇಶ ಸದ್ದಾಗದಂತೆ ಒಳಗಿದ್ದ ಕ್ಯಾಸೆಟ್ಟನ್ನು ತೆಗೆದು ಹೊಸದನ್ನು ಹಾಕಿ, ಕೆಂಪು ಗುಂಡಿ ಒತ್ತಿದ.

"ಚೆನ್ನಾಗಿದೀರಾ?" ಎಂದು ಕೇಳಿದಳು ಸಿದ್ದಲಿಂಗಮ್ಮ. "ಊಟ ಆಯ್ತಾ?"

ಕೇಳಿ, ಉತ್ತರಕ್ಕಾಗಿ ಕಾದಳು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಮಾಡಿದರು, ಕುಕ್ಕರು ಒಂದು ಸಲ ಕೂಗಿತು. ಅಮೃತೇಶ ಟೇಪನ್ನು ನಿಲ್ಲಿಸಲಿಲ್ಲ. ಅವಳು ಕಾದಷ್ಟು ಹೊತ್ತೂ ಅದು ತಿರುಗುತ್ತಿತ್ತು.